ಕಾಸಿನ ಆಟದ ಯಂತ್ರಗಳೂ ಅವುಗಳ ಸಂಗ್ರಹವೂ

ಒಂದು ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅರಸುವುದು ಶಿಲಾಶಾಸನಗಳನ್ನು, ತಾಮ್ರಪಟಗಳನ್ನು, ನಾಣ್ಯಗಳನ್ನು, ಆಯುಧಗಳನ್ನು. ಆ ಸೀಮೆಯ ಜನರು ಬಿಡುವಿನ ಹೊತ್ತಿನಲ್ಲಿ ಏನನ್ನಾಡುತ್ತಿದ್ದರು, ಆಟಕ್ಕೆ ಯಾವ ಉಪಕರಣವನ್ನು ಬಳಸುತ್ತಿದ್ದರು ಎಂಬ ಪ್ರಶ್ನೆ ಏಳುವುದು ಕಟ್ಟಕಡೆಗೆ. ಅಷ್ಟರೊಳಗೆ ಆ ಉಪಕರಣಗಳು ಒಲೆಗೋ ಗುಜರಿಗೋ ಸೇರಿಹೋಗಿರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಎಷ್ಟೋ ಚೆನ್ನೆಮಣೆಗಳಿಗೆ ಒದಗಿದ ಗತಿ ಇದೇ. ಸಮುದ್ರದಾಚೆಯ ದೇಶಗಳಲ್ಲಿ ಕಾಸು ಹಾಕಿ ಆಡುವ ಯಂತ್ರಗಳಿಗೆ ಒದಗಿದ ಗತಿಯೂ ಇದೇ. ಆದರೆ ಆ ದೇಶಗಳ ಕೆಲವು ಗೃಹಸ್ಥರು ಅಂಥ ಯಂತ್ರಗಳನ್ನು ಗುಜರಿಯಿಂದ ಎತ್ತಿ ತಂದು, ಮನೆಯ ಒಂದು ಕೋಣೆಯನ್ನೇ ಅವುಗಳಿಗೆ ಬಿಟ್ಟುಕೊಟ್ಟು, ಕೆಟ್ಟುದನ್ನು ಸರಿಪಡಿಸಿ, ಈಗಲೂ ಆಡುತ್ತಿದ್ದಾರೆ. ಅವರಿಗೆ ಎದುರಾದ ತೊಡಕುಗಳೇನು, ಅವುಗಳಿಂದ ಈ ಸೀಮೆಯ ಸಂಗ್ರಾಹಕರು ತಿಳಿಯತಕ್ಕುದೇನು ಎಂಬುದು ವಿಚಾರಾರ್ಹವಾದ ವಿಷಯ.

ಕಾಸಿನ ಯಂತ್ರವೆಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಜಾತ್ರೆಗಳಲ್ಲಿ ಬಯಸ್ಕೋಪಿನ ಪೆಟ್ಟಿಗೆಯವನು ಹುಡುಗರಿಂದ ಕಾಸು ತೆಗೆದುಕೊಂಡು ಚಿತ್ರಗಳನ್ನು ತೋರಿಸುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅಲ್ಲಿ ಕಾಸನ್ನು ಕೈಯಲ್ಲಿ ಹಿಡಿದು, ಅದು ಸಾಚಾ ಆಗಿದೆಯೇ ಖೋಟಾ ಆಗಿದೆಯೇ ಎಂದು ನೋಡಿ, ಹಾಕಿದ ಕಾಸಿಗೆ ತಕ್ಕಷ್ಟೇ ತೋರಿಸಿ ಮುಗಿಸುವವನು ಮನುಷ್ಯ. ಈ ಮೂರು ಕೆಲಸಗಳನ್ನೂ ಯಂತ್ರವೇ ಮಾಡುವುದಾದರೆ ಅದು ಕಾಸಿನ ಯಂತ್ರ. ಈ ಯುಕ್ತಿಯು ಬಲು ಪ್ರಾಚೀನವಾದುದು. ಕ್ರಿ. ಶ. ಒಂದನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯಾ ಪಟ್ಟಣದಲ್ಲಿದ್ದ ಹೀರೋ ಎಂಬ ಗ್ರೀಕ್ ಪಂಡಿತನು ತನ್ನ ಗ್ರಂಥದಲ್ಲಿ ಇಂಥದೊಂದನ್ನು ವರ್ಣಿಸಿದ್ದಾನೆ. ದೇವಾಲಯದ ಬಾಗಿಲಲ್ಲಿರಿಸಿದ ಪಾತ್ರೆಯ ಸಂದಿಯಲ್ಲಿ ಐದು ದ್ರಾಖ್ಮದ ನಾಣ್ಯವನ್ನು ಹಾಕಿದರೆ, ಅದು ಒಳಗಿನ ಸನ್ನೆಗೋಲಿನ ತುದಿಯ ತಟ್ಟೆಯ ಮೇಲೆ ಬೀಳುವುದು; ತಟ್ಟೆ ತಗ್ಗಿದಾಗ ಕೋಲಿನ ಇನ್ನೊಂದು ತುದಿ ಮೇಲೆದ್ದು ಮುಚ್ಚಳವನ್ನೆತ್ತುವುದು; ಭಕ್ತನ ಕೈಗೆ ತೀರ್ಥೋದಕ ಸುರಿಯುವುದು; ನಾಣ್ಯವು ತಟ್ಟೆಯಿಂದ ಜಾರಿದೊಡನೆ ಮುಚ್ಚಳ ಬಿದ್ದು ನೀರು ನಿಲ್ಲುವುದು. ಕಾಸಿನ ಭಾರವೇ ಯಂತ್ರವನ್ನು ನಡೆಸುವುದು, ಕಾಸು ಜಾರಿದುದೇ ಅದನ್ನು ನಿಲ್ಲಿಸುವುದು ಎಂಬ ಈ ಸೂತ್ರವನ್ನು ಮುಂದಿನವರು ಬೆಳೆಸಿದರೇ ಹೊರತು ಬಿಡಲಿಲ್ಲ.

ಆದರೂ ಹೀರೋವಿನ ಕಾಲದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಈ ಯುಕ್ತಿಗೆ ದೊಡ್ಡ ಉಪಯೋಗ ದೊರೆಯಲಿಲ್ಲ. ಒಂದೇ ಅಚ್ಚಿನ, ಒಂದೇ ತೂಕದ ಸಣ್ಣ ನಾಣ್ಯಗಳು ಲಕ್ಷಗಟ್ಟಲೆಯಾಗಿ ಜನರ ಕೈಯಲ್ಲಿ ಓಡಾಡತೊಡಗಿದ ಮೇಲೆಯೇ ಯಂತ್ರವು ನಾಣ್ಯವನ್ನು ನಂಬುವಂತಾಯಿತು. ೧೮೮೦ರ ದಶಕದಲ್ಲಿ ಲಂಡನ್ ನಗರದಲ್ಲಿ ಅಂಚೆಯ ಕಾರ್ಡುಗಳನ್ನು ಕೊಡುವ ಯಂತ್ರಗಳು ನಿಂತವು. ೧೮೮೯ರ ನವಂಬರದಲ್ಲಿ ಸಾನ್ ಫ್ರಾನ್ಸಿಸ್ಕೋದ ಒಂದು ಪಾನಗೃಹದಲ್ಲಿ ಲೂಯಿ ಗ್ಲಾಸ್ ಎಂಬವನು ಎಡಿಸನ್ನನ ಫೋನೋಗ್ರಾಫಿಗೆ ಕಾಸಿನ ಪೆಟ್ಟಿಗೆಯನ್ನು ಜೋಡಿಸಿ, ಐದು ಸೆಂಟಿನ ನಾಣ್ಯವನ್ನು ಹಾಕಿದವರ ಕಿವಿಗೆ ಸಂಗೀತವನ್ನು ಕೇಳಿಸಿದನು. ೧೮೯೪ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಹತ್ತು ಕೈನೆಟೋಸ್ಕೋಪ್ ಪೆಟ್ಟಿಗೆಗಳ ಅಂಗಡಿ ತೆರೆಯಿತು. ಇಪ್ಪತ್ತೈದು ಸೆಂಟು ತೆತ್ತವರು ಐದು ಪೆಟ್ಟಿಗೆಗಳ ಸಾಲಿನಲ್ಲಿ ಬಗ್ಗಿ ಬಗ್ಗಿ ಚಲಿಸುವ ಚಿತ್ರಗಳನ್ನು ಕಂಡರು. ಅಲ್ಲಿ ಮೊದಲು ಕಾಸು ಪಡೆದವರು ಮನುಷ್ಯರೇ. ಸ್ವಲ್ಪಕಾಲದಲ್ಲಿಯೇ ಅಂಥ ಪೆಟ್ಟಿಗೆಗಳೂ ಕಾಸನ್ನು ತಾವೇ ನುಂಗುವಂತಾದವು. ಬಡಗಿಯೂ ಗುಮಾಸ್ತನೂ ಅಂಗಡಿಯ ಹುಡುಗನೂ ಒಂದೊಂದು ಕಾಸಿನ ಮೊತ್ತಕ್ಕೆ ಒಂದೊಂದು ವಿಸ್ಮಯವನ್ನು ನೋಡಬಹುದಾದ ಈ ತರದ ಅಂಗಡಿಗಳಿಗೆ ಇಂಗ್ಲೀಷಿನಲ್ಲಿ ಪೆನ್ನಿ ಆರ್ಕೇಡ್ ಎಂದು ಹೆಸರಾಯಿತು.

ಭಾರತದ ಜನಸಾಮಾನ್ಯರಿಗೆ ಈ ಕುಲದ ಯಂತ್ರದ ಪರಿಚಯವಾದುದು ವಿಶೇಷವಾಗಿ ರೈಲ್ವೆ ನಿಲ್ದಾಣಗಳಲ್ಲಿ. ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ. ದೇಶದ ದೊಡ್ಡ ನಿಲ್ದಾಣಗಳ ಜಗಲಿಯ ಮೇಲೆ, ಮಿಣುಕುವ ಬಣ್ಣದ ದೀಪಗಳೊಡನೆ ನಿಂತಿದ್ದ ತೂಕದ ಯಂತ್ರದ ಮೇಲೇರಿ ಕಾಸು ಹಾಕಿದರೆ ಗಟ್ಟಿ ಕಾಗದದ ಪುಟ್ಟ ಟಿಕೇಟು ಹೊರಬೀಳುತ್ತಿದ್ದಿತು. ಅದರಲ್ಲಿ ತೂಕದ ಜೊತೆಗೆ ಭವಿಷ್ಯದ ಒಂದು ವಾಕ್ಯವೂ ಅಚ್ಚಾಗಿರುತ್ತಿದ್ದಿತು. ತೂಕವನ್ನು ತಿಳಿಯುವ ಅಗತ್ಯಕ್ಕಿಂತ ಆ ವಾಕ್ಯವನ್ನು ಓದುವ ಕುತೂಹಲವೇ ಹೆಚ್ಚಿನವರ ಕಾಸನ್ನು ಸೆಳೆಯಿತೆಂದರೆ ತಪ್ಪಾಗದು. ಆ ಬಳಿಕ ಇಪ್ಪತ್ತನೆಯ ಶತಮಾನದ ಕೊನೆಗೆ ಅಂಗಡಿಗಳ ಮುಂದೆ ಒಂದು ರೂಪಾಯಿಯ ದೂರವಾಣಿಯ ಪೆಟ್ಟಿಗೆಗಳು ಬಂದವು. ಕಿಸೆಯ ದೂರವಾಣಿ ಬಂದೊಡನೆ ಅವು ಮಾಯವಾದವು. ಇವೆರಡನ್ನೂ ಬಳಸಿದವರು ಕೋಟಿಗಟ್ಟಲೆ. ಕೆಟ್ಟ ಮೇಲೆ ಎತ್ತಿಟ್ಟುಕೊಂಡವರು ವಿರಳ.

ಆಟದ ಯಂತ್ರಗಳ ಕಥೆಯು ಇದಕ್ಕಿಂತ ತೊಡಕಾದುದು. ಇಳಿಜಾರಾದ ಹಲಗೆಯ ಮೇಲೆ ಗುಂಡನ್ನು ಹೊಡೆದು ಮೊಳೆಗಳ ನಡುವೆ ಹಾಯಿಸಿ ಗುಳಿಗೆ ಬೀಳಿಸುವ ಒಂದು ಹಳೆಯ ಮನೆಯಾಟ ಯೂರೋಪಿನಲ್ಲಿದ್ದಿತು. ೧೮೭೧ರಲ್ಲಿ ಅಮೇರಿಕದ ಮಾಂಟೇಗ್ಯು ರೆಡ್‌ಗ್ರೇವ್ ಎಂಬವನು ಕೋಲಿಗೆ ಬದಲಾಗಿ ಸುರುಳಿಯ ಸ್ಪ್ರಿಂಗಿನಿಂದ ಗುಂಡನ್ನು ಚಿಮ್ಮಿಸುವ ಏರ್ಪಾಡಿಗೆ ಹಕ್ಕುಪತ್ರವನ್ನು ಪಡೆದನು. ೧೯೩೧ರಲ್ಲಿ ಡೇವಿಡ್ ಗಾಟ್ಲೀಬ್ ಎಂಬವನ ಬ್ಯಾಫಲ್ ಬಾಲ್ ಎಂಬ ಯಂತ್ರವು ಒಂದು ಸೆಂಟಿಗೆ ಕೆಲವು ಗುಂಡುಗಳನ್ನು ಕೊಡುತ್ತ ಅಮೇರಿಕದ ಅಂಗಡಿ ಅಂಗಡಿಗಳನ್ನು ಹೊಕ್ಕಿತು. ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದವರಿಗೆ ಅದಕ್ಕಿಂತ ಅಗ್ಗದ ವಿನೋದ ಬೇರೊಂದಿರಲಿಲ್ಲ. ಆದರೆ ಅದರಲ್ಲಿ ಗುಂಡು ಕೈಬಿಟ್ಟ ಮೇಲೆ ಆಡುವವನ ಕೈವಾಡ ನಡೆಯುವುದು ಅತ್ಯಲ್ಪವಾದುದರಿಂದ, ಇದು ಆಟವೋ ಜೂಜೋ ಎಂಬ ಸಂದೇಹವು ಎದ್ದಿತು. ೧೯೪೨ರ ಜನವರಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂಥ ಯಂತ್ರಗಳು ನಿಷಿದ್ಧವಾದವು. ನಗರಾಧ್ಯಕ್ಷ ಲಾ ಗಾರ್ಡಿಯಾನು ಸುತ್ತಿಗೆಗಳಿಂದ ಅವುಗಳನ್ನು ಒಡೆಯಿಸಿದನು. ಗುಂಡು ಕೆಳಗುರುಳದಂತೆ ಮರಳಿ ಹೊಡೆಯುವ ಪುಟ್ಟ ರೆಕ್ಕೆಗಳು ಮೊದಲು ಬಂದುದು ೧೯೪೭ರ ಹಂಪ್ಟಿ ಡಂಪ್ಟಿ ಎಂಬ ಯಂತ್ರದಲ್ಲಿ. ಕುಶಲತೆಗೆ ಎಡೆ ದೊರೆತುದು ಅಂದಿನಿಂದ. ಆದರೂ ಆ ನಗರದ ನಿಷೇಧವು ೧೯೭೬ರವರೆಗೆ ನಿಂತಿತು. ಆ ವರ್ಷ ರೋಜರ್ ಶಾರ್ಪ್ ಎಂಬ ತರುಣನು ನಗರಸಭೆಯವರ ಸಮಕ್ಷಮದಲ್ಲಿ, ಗುಂಡು ಇಂಥ ದಾರಿಯಲ್ಲಿ ಹೋಗುವುದೆಂದು ಮೊದಲೇ ಹೇಳಿ ಹಾಗೆಯೇ ಹೊಡೆದು ತೋರಿಸಿದನು. ಬಳಿಕ ನಿಷೇಧವು ತೆಗೆಯಲ್ಪಟ್ಟಿತು.

ಅಷ್ಟರೊಳಗೆ ಗುಂಡಿಗೆ ಬದಲಾಗಿ ಬೆಳಕಿನ ಚುಕ್ಕೆಯು ಆಡತೊಡಗಿದ್ದಿತು. ೧೯೭೨ರಲ್ಲಿ ಅಟಾರಿ ಸಂಸ್ಥೆಯ ಪಾಂಗ್, ೧೯೭೮ರಲ್ಲಿ ಜಪಾನಿನ ಸ್ಪೇಸ್ ಇನ್ವೇಡರ್ಸ್, ೧೯೮೦ರಲ್ಲಿ ಪ್ಯಾಕ್-ಮ್ಯಾನ್ ಎಂಬ ವಿದ್ಯುನ್ಮಾನ ಆಟಗಳು ಬಂದವು. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೊಂದು ಚಿತ್ರನಳಿಗೆ, ಎದುರಿಗೆ ಹಿಡಿಕೆ ಮತ್ತು ಗುಂಡಿಗಳು, ಕೆಳಗೆ ಕಾಸಿನ ಬಾಗಿಲು: ಇದೇ ಅವುಗಳ ಸ್ಥೂಲರೂಪ. ಕರ್ನಾಟಕದಲ್ಲಿ ಇವು ಬೆಂಗಳೂರಿನಂಥ ನಗರಗಳ ವಿಡಿಯೋ ಪಾರ್ಲರುಗಳಾಗಿ ಬಂದವು. ಅದೇ ಸಂದೇಹವೂ ಅವುಗಳೊಡನೆಯೇ ಬಂದಿತು. ಪರವಾನಿಗೆಯ ವಿಷಯವಾಗಿ ಎದ್ದ ವ್ಯಾಜ್ಯವು, ಎಂ. ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಾಗಿ ಭಾರತದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ವಿಡಿಯೋ ಆಟಗಳೂ ‘ಆಟ’ವೆಂಬ ಮಾತಿನ ಒಳಗೆ ಬರುವುವೆಂದೂ, ಅವುಗಳನ್ನು ಪರವಾನಿಗೆಯ ಮೂಲಕ ಹತೋಟಿಯಲ್ಲಿಡುವ ಅಧಿಕಾರವು ಸರಕಾರಕ್ಕೆ ಉಂಟೆಂದೂ ೧೯೯೫ರಲ್ಲಿ ತೀರ್ಪಾಯಿತು.

ಆಟದ ಉಪಕರಣದ ಕುರಿತು ಇಂಥ ಭಯವು ತುಳುನಾಡಿಗೆ ಅಪರಿಚಿತವಾದುದಲ್ಲ. ಸಿರಿಯ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ-ದಾರಗರೆಂಬ ಅವಳಿ ಹೆಣ್ಣುಮಕ್ಕಳು ಚೆನ್ನೆಯಾಡಲು ಕೂಡುತ್ತಾರೆ. ಆಟದಲ್ಲಿ ಜಗಳ ಹುಟ್ಟುತ್ತದೆ. ಅಬ್ಬಗೆಯು ಚೆನ್ನೆಮಣೆಯಿಂದಲೇ ದಾರಗೆಯ ತಲೆಗೆ ಹೊಡೆಯಲು ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆಯಾಡಬಾರದೆಂಬ ಹಿರಿಯರ ಕಟ್ಟಳೆಗೆ ಈ ಕಥೆಯೇ ಕಾರಣವೆಂದು ಹೇಳುವುದುಂಟು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಕಥೆಯನ್ನು ಫಿನ್‌ಲೆಂಡಿನ ಲೌರಿ ಹಾಂಕೊ ಅವರು, ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಸಹಕಾರದಿಂದ, ೧೯೯೦ರಲ್ಲಿ ಧ್ವನಿಮುದ್ರಿಸಿದರು. ೧೫,೬೮೩ ಸಾಲುಗಳ ಆ ಪಾಠವು ೧೯೯೮ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾಯಿತು. ಹೀಗಾಗಿ ಚೆನ್ನೆಯ ಅನರ್ಥದ ಕಥೆಯು ಅಕ್ಷರರೂಪದಲ್ಲಿ ಭದ್ರವಾಗಿದೆ. ಚೆನ್ನೆಯ ಆಟವು ಅಷ್ಟು ಭದ್ರವಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಮುಂದೆ ಪರಿಶೀಲಿಸಬೇಕಾಗಿದೆ.

ನಿಷೇಧವೂ ಪರವಾನಿಗೆಯೂ ಮಾಡಲಾರದ ಹಾನಿಯನ್ನು ಕಾಸಿನ ಯಂತ್ರಗಳಿಗೆ ಮಾಡಿದುದು ಟಂಕಸಾಲೆ. ಯಂತ್ರವು ನಾಣ್ಯವನ್ನು ಗುರುತಿಸುವುದು ಮೂರು ಬಗೆಯಿಂದ: ಸಂದಿಯ ಅಗಲವು ವ್ಯಾಸವನ್ನು ಅಳೆಯುತ್ತದೆ, ಒಳಗಿನ ತೊಟ್ಟಿಲು ತೂಕವನ್ನು ನೋಡುತ್ತದೆ, ಅಯಸ್ಕಾಂತವು ಕಬ್ಬಿಣದ ಬಿಲ್ಲೆಯನ್ನು ಹಿಡಿದು ನಿಲ್ಲಿಸುತ್ತದೆ. ನಾಣ್ಯದ ಅಚ್ಚು ಬದಲಾದರೆ ಈ ಮೂರೂ ವ್ಯರ್ಥ. ಇಂಗ್ಲೆಂಡಿನಲ್ಲಿ ೧೯೭೧ರ ಫೆಬ್ರವರಿ ೧೫ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟಿನ ಕೊನೆಗೆ ಹಳೆಯ ದೊಡ್ಡ ಪೆನ್ನಿಯ ಚಲಾವಣೆ ನಿಂತಿತು. ಕಡಲತೀರದ ವಿಹಾರಸ್ಥಳಗಳಲ್ಲಿ ತಲೆಮಾರುಗಳಿಂದ ಪೆನ್ನಿಯನ್ನು ನುಂಗುತ್ತಿದ್ದ ಯಂತ್ರಗಳು ಒಮ್ಮೆಲೇ ಹಸಿದು ನಿಂತವು. ಬಹಳಷ್ಟು ಗುಜರಿಗೆ ಹೋದವು. ಭಾರತದಲ್ಲಿ ಹದಿನಾರು ಆಣೆಯ ರೂಪಾಯಿಯು ೧೯೫೭ರ ಏಪ್ರಿಲ್ ೧ರಂದು ನೂರು ನಯೇಪೈಸೆಯದಾಯಿತು. ೨೦೧೧ರ ಜೂನ್ ೩೦ರೊಂದಿಗೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ ತೀರಿತು. ಈಗ ಓಡುವ ರೂಪಾಯಿಯ ಉಕ್ಕಿನ ನಾಣ್ಯವಂತೂ ಅಯಸ್ಕಾಂತಕ್ಕೆ ಅಂಟತಕ್ಕುದು. ಹಳೆಯ ವಿದೇಶಿ ಯಂತ್ರವು ಅದನ್ನು ಖೋಟಾ ಎಂದೇ ಬಗೆದೀತು.

ಹೀಗೆ ಬೀದಿಯಿಂದ ಹೊರಬಿದ್ದ ಯಂತ್ರಗಳು ಎರಡು ಬಗೆಯ ಜನರ ಕೈಗೆ ಸಿಕ್ಕಿದವು: ಮರಕ್ಕೂ ತಾಮ್ರಕ್ಕೂ ಬೆಲೆಕಟ್ಟಿ ಒಡೆಯುವವರು ಒಂದು ಪಂಗಡ; ಬಾಲ್ಯದಲ್ಲಿ ಆಡಿದ್ದ ಆಟವನ್ನು ಮರಳಿ ಆಡಬೇಕೆಂಬವರು ಇನ್ನೊಂದು. ಸಾನ್ ಫ್ರಾನ್ಸಿಸ್ಕೋದ ಎಡ್ವರ್ಡ್ ಝೆಲಿನ್ಸ್ಕಿ ಎಂಬವರು ಬಾಲ್ಯದಿಂದಲೇ ಇವನ್ನು ಕೂಡಿಸತೊಡಗಿದರು. ಅವರ ಸಂಗ್ರಹವು ಬೆಳೆದು ಮುನ್ನೂರರ ಸಮೀಪದ ಯಂತ್ರಗಳ ಮ್ಯೂಸೆ ಮೆಕಾನಿಕ್ ಎಂಬ ವಸ್ತುಶಾಲೆಯಾಯಿತು. ಅಲ್ಲಿ ಪ್ರವೇಶಕ್ಕೆ ಶುಲ್ಕವಿಲ್ಲ. ಯಂತ್ರಗಳಿಗೆ ಇಂದಿಗೂ ನಾಣ್ಯವನ್ನು ಹಾಕಿಯೇ ಆಡಬೇಕು, ಆ ನಾಣ್ಯಗಳಿಂದಲೇ ಅವುಗಳ ದುರಸ್ತಿ. ಮನೆಯಲ್ಲಿ ಇವನ್ನಿಟ್ಟುಕೊಂಡವರಿಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಬೀದಿಯ ಯಂತ್ರಕ್ಕೆ ಯಾರ ಕಾಸಾದರೂ ಒಂದೇ. ಜಾತಿ, ಕುಲ, ಅಂತಸ್ತುಗಳನ್ನು ಅದು ಕೇಳಲಿಲ್ಲ. ಅದೇ ಯಂತ್ರವು ಗೃಹಸ್ಥನ ಚಾವಡಿಗೆ ಬಂದರೆ ಆಡುವವರು ಅವನು ಕರೆದವರು ಮಾತ್ರ. ಇನ್ನು, ಕಾಸಿನ ಬಾಗಿಲನ್ನು ಕಟ್ಟಿಬಿಟ್ಟು ಎಷ್ಟು ಬೇಕಾದರೂ ಆಡುವಂತೆ ಯಂತ್ರವನ್ನು ತಿರುಗಿಸುವುದು ಸುಲಭವಾದರೂ, ಹಾಗೆ ಮಾಡಿದೊಡನೆ ಆಟದ ಸ್ವಾರಸ್ಯವು ತಗ್ಗುವುದನ್ನು ಬಹುಮಂದಿ ಕಂಡುಕೊಂಡಿದ್ದಾರೆ. ಸೋತರೆ ಇನ್ನೊಂದು ಕಾಸು ಹೋಗುವುದೆಂಬ ಅಳುಕಿನ ಮೇಲೆಯೇ ಆ ಆಟಗಳ ರಚನೆ ನಿಂತಿದೆ. ಆದುದರಿಂದ ಅನೇಕರು ಕಾಸಿನ ಬಾಗಿಲನ್ನು ಸುಸ್ಥಿತಿಯಲ್ಲಿಟ್ಟು, ಪಕ್ಕದಲ್ಲಿ ಒಂದು ಬಟ್ಟಲಿನಲ್ಲಿ ಬಿಲ್ಲೆಗಳನ್ನು ತುಂಬಿ, ಬಂದವರಿಗೆ ಎಣಿಸಿ ಕೊಡುತ್ತಾರೆ.

ಇಂಥ ಯಂತ್ರವೊಂದನ್ನು ಕರಾವಳಿಯ ಮನೆಯಲ್ಲಿ ಕಾಪಾಡುವ ಕಷ್ಟವು ಸಾಮಾನ್ಯವಾದುದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ ಈ ಜಿಲ್ಲೆಯಲ್ಲಿ, ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯು ಆಟಿ ತಿಂಗಳ ತೇವಕ್ಕೆ ಉಬ್ಬುವುದು. ಹಿತ್ತಾಳೆಯ ಸ್ಪರ್ಶಗಳಿಗೆ ಕಿಲುಬು ಹಿಡಿಯುವುದು. ಅಡಿಯಿಂದ ಒರಲೆ ಏರುವುದು. ಅಮೇರಿಕದ ಯಂತ್ರಗಳು ೧೨೦ ವೋಲ್ಟಿನ, ಸೆಕೆಂಡಿಗೆ ೬೦ ಆವರ್ತದ ವಿದ್ಯುತ್ತಿಗಾಗಿ ನಿರ್ಮಿತವಾದವು. ಇಲ್ಲಿಯದು ೨೩೦ ವೋಲ್ಟಿನ, ೫೦ ಆವರ್ತದ ವಿದ್ಯುತ್ತು. ವೋಲ್ಟನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಬಹುದು. ಆದರೆ ಆವರ್ತವನ್ನು ಅನುಸರಿಸಿ ತಿರುಗುವ ಮೋಟಾರುಗಳು ಆಗಲೂ ನಿಧಾನವಾಗಿಯೇ ತಿರುಗುವುವು. ಹಳೆಯ ಚಿತ್ರನಳಿಗೆಗಳ ತಯಾರಿಕೆಯು ೨೦೧೦ರ ದಶಕದಲ್ಲಿ ಬಹುಮಟ್ಟಿಗೆ ನಿಂತುಹೋಗಿರುವುದರಿಂದ, ಒಂದು ಒಡೆದರೆ ಇನ್ನೊಂದು ಹಳೆಯ ಯಂತ್ರದಿಂದಲೇ ಕಿತ್ತು ಹಾಕಬೇಕು. ಅಂದರೆ ಒಂದನ್ನು ಉಳಿಸಲು ಒಂದನ್ನು ಕಳೆಯಬೇಕು. ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯ ೧೯೯೦ರ ದಶಕದ ಕೆಲವು ಯಂತ್ರಗಳಲ್ಲಿ ಆಟದ ಗುಟ್ಟಿನ ಕೀಲಿಯನ್ನು ಪುಟ್ಟ ಬ್ಯಾಟರಿಯೊಂದು ಕಾಯುತ್ತದೆ. ಅದು ತೀರಿದರೆ ಕೀಲಿಯು ಅಳಿಸಿ, ಯಂತ್ರವು ಏಳುವುದೇ ಇಲ್ಲ. ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟು ಕಾಪಾಡಿದೆನೆಂದು ತಿಳಿದವನು ಹತ್ತು ವರ್ಷಗಳ ಬಳಿಕ ತೆರೆದರೆ ಕಾಣುವುದು ಬರಿಯ ಪೆಟ್ಟಿಗೆಯನ್ನು.

ಹಾಗೆಂದು ಎಲ್ಲರ ಕೈಗೂ ಕೊಟ್ಟುಬಿಡುವುದೂ ಅಪಾಯಕಾರಿಯೇ. ಇದಕ್ಕೆ ಕರ್ನಾಟಕದ್ದೇ ನಿದರ್ಶನವೊಂದಿದೆ. ಟಿಪ್ಪು ಸುಲ್ತಾನನಿಗಾಗಿ ನಿರ್ಮಿತವಾದ ಮರದ ಹುಲಿಯು, ಬಿಳಿಯ ಮನುಷ್ಯನೊಬ್ಬನನ್ನು ಕೆಡವಿ ಅವನ ಮೇಲೆ ನಿಂತಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುವುದು, ಕೆಳಗಿನವನು ಕೈಯೆತ್ತಿ ನರಳುವನು. ಹುಲಿಯ ಹೊಟ್ಟೆಯೊಳಗೆ ಕೊಳವಿಯ ವಾದ್ಯವೂ ಇದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅದು ಇಂಗ್ಲೀಷರ ವಶವಾಗಿ, ೧೮೦೮ರಿಂದ ಲಂಡನ್ನಿನಲ್ಲಿ ಕಂಪೆನಿಯ ಭವನದಲ್ಲಿ ಪ್ರದರ್ಶಿತವಾಯಿತು. ಬಂದಬಂದವರೆಲ್ಲ ಹಿಡಿಯನ್ನು ತಿರುಗಿಸತೊಡಗಲು, ಪಕ್ಕದ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಅದರ ಗರ್ಜನೆಯು ಉಪದ್ರವವಾಯಿತು; ಯಂತ್ರವು ಸವೆಯಿತು; ಕಡೆಗೆ ಹಿಡಿಯೇ ಇಲ್ಲದಾಯಿತು. ಎರಡನೆಯ ಮಹಾಯುದ್ಧದ ಬಾಂಬು ದಾಳಿಯಲ್ಲಿ ಛಾವಣಿಯು ಅದರ ಮೇಲೆ ಕುಸಿದು ತುಂಡುತುಂಡಾಯಿತು. ಬಳಿಕ ಜೋಡಿಸಿ ನಿಲ್ಲಿಸಿದರು. ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಶಾಲೆಯಲ್ಲಿರುವ ಅದನ್ನು ಪ್ರೇಕ್ಷಕರು ಗಾಜಿನಾಚೆಯಿಂದ ಕಾಣಬಹುದೇ ಹೊರತು ತಿರುಗಿಸುವಂತಿಲ್ಲ.

ಬಳಸಿದರೆ ಸವೆಯುವುದು, ಬಳಸದಿದ್ದರೆ ಸಾಯುವುದು ಎಂಬ ಈ ಇಕ್ಕಟ್ಟಿನಿಂದ ಪಾರಾಗಲು ಇರುವ ಮಾರ್ಗವು ಪ್ರತಿ ಮಾಡುವುದೊಂದೇ. ೧೯೯೭ರಲ್ಲಿ ಇಟೆಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು ಮೇಮ್ ಎಂಬ ಕ್ರಮವಿಧಿಯನ್ನು ಹೊರತಂದರು. ಹಳೆಯ ಯಂತ್ರದ ಸ್ಮೃತಿಕೋಶಗಳಲ್ಲಿ ಬರೆದಿರುವುದನ್ನು ಅಕ್ಷರಶಃ ಓದಿ ತೆಗೆದು, ಸಾಮಾನ್ಯವಾದ ಗಣಕಯಂತ್ರದಲ್ಲಿ ಅದೇ ಆಟವು ನಡೆಯುವಂತೆ ಮಾಡುವುದು ಅದರ ಉದ್ದೇಶ. ಈ ಕೆಲಸಕ್ಕೆ ನೆರವಾದವರು ಮನೆಯಲ್ಲಿ ಯಂತ್ರಗಳನ್ನಿಟ್ಟುಕೊಂಡ ಸಂಗ್ರಾಹಕರೇ. ಅವರ ಕೋಣೆಯಲ್ಲಿ ಮೂಲವು ಉಳಿದಿರದಿದ್ದರೆ ಪ್ರತಿಗೆ ಆಧಾರವೇ ಇರುತ್ತಿರಲಿಲ್ಲ.

ಮೂಡುಬಿದಿರೆಯನ್ನು ಬಲ್ಲವರಿಗೆ ಈ ವೃತ್ತಾಂತವು ಹೊಸತೆನಿಸದು. ಧವಲ, ಜಯಧವಲ, ಮಹಾಧವಲಗಳೆಂಬ ಜೈನಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಅಲ್ಲಿಯ ಬಸದಿಯಲ್ಲಿ ಶತಮಾನಗಳವರೆಗೆ ರಕ್ಷಿತವಾಗಿದ್ದವು. ಯಾತ್ರಿಕರಿಗೆ ಅವುಗಳ ದರ್ಶನವು ದೊರೆಯುತ್ತಿದ್ದಿತೇ ವಿನಾ ಅಧ್ಯಯನಕ್ಕೆ ಅವಕಾಶವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯವು ತೊಡಗಿ ಹಲವು ವರ್ಷ ನಡೆಯಿತು. ೧೯೩೯ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟವು ಅಚ್ಚಾಯಿತು. ಓಲೆಗಳನ್ನು ಕಾಯ್ದವರನ್ನೂ ಪ್ರತಿ ಮಾಡಿದವರನ್ನೂ ಒಬ್ಬರಿಗೊಬ್ಬರು ವಿರೋಧಿಗಳೆಂದು ಎಣಿಸುವುದು ಸರಿಯಲ್ಲ. ಮೊದಲಿನವರು ಇರದಿದ್ದರೆ ಗ್ರಂಥವು ಅಳಿಯುತ್ತಿದ್ದಿತು; ಎರಡನೆಯವರು ಇರದಿದ್ದರೆ ಓದುಗರಿಗೆ ಅದು ಇದ್ದೂ ಇಲ್ಲದಂತಾಗುತ್ತಿದ್ದಿತು.

ಸಂಗ್ರಹದ ವಿಷಯದಲ್ಲಿ ಬಂಟ್ವಾಳ, ಬೆಳ್ತಂಗಡಿಗಳು ಹಿಂದೆ ಬಿದ್ದಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೂ ಹಳೆಯ ಕಾರುಗಳ ಸಂಗ್ರಹವೂ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದವು; ಬಳಕೆ ತಪ್ಪಿದ ಯಂತ್ರಕ್ಕೂ ಕ್ಷೇತ್ರವೊಂದರ ಆಶ್ರಯ ದೊರೆತರೆ ಅದು ಒಬ್ಬರ ಆಯುಸ್ಸನ್ನು ಮೀರಿ ನಿಲ್ಲಬಹುದೆಂಬುದಕ್ಕೆ ಅವು ಉದಾಹರಣೆ. ಬಂಟ್ವಾಳದ ಬಿ. ಸಿ. ರೋಡಿನ ಸಂಚಯಗಿರಿಯಲ್ಲಿ ಇತಿಹಾಸದ ಪ್ರಾಧ್ಯಾಪಕರಾದ ತುಕಾರಾಮ ಪೂಜಾರಿಯವರು ಸ್ಥಾಪಿಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ದಿನಬಳಕೆಯ ವಸ್ತುಗಳು ಕೂಡಿವೆ. ಇನ್ನು ಆಟದ ಉಪಕರಣಗಳ ಮಟ್ಟಿಗೆ ನೋಡಿದರೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಸ್ವತಃ ಹಾಸಿನಾಟಗ‍ಳನ್ನು ಕಲ್ಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಅವನ್ನು ನಿರೂಪಿಸಿದರು. ನಿಯಮವು ಬರೆವಣಿಗೆಯಲ್ಲಿ ಉಳಿದಿದ್ದುದರಿಂದಲೇ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದೇಶೀಯ ಆಟಗಳ ಮಣೆಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ಪ್ರದರ್ಶಿಸುವಾಗ ಅರಮನೆಯ ಆಟಗಳೂ ಮರಳಿ ಜನರ ಕೈಗೆ ಬರಲು ದಾರಿಯಾಯಿತು.

ಚೆನ್ನೆಗೆ ಅಂಥ ಕೌತುಕನಿಧಿ ಇರಲಿಲ್ಲ. ಮಣೆಯ ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು. ಸಾಮಾನ್ಯವಾದ ಆಟದಲ್ಲಿ ಒಂದೊಂದಕ್ಕೆ ನಾಲ್ಕರಂತೆ ೫೬ ಮಂಜೊಟ್ಟಿಯ ಕಾಯಿಗಳು. ಇಷ್ಟನ್ನು ಮಣೆಯನ್ನು ನೋಡಿದವರೂ ಊಹಿಸಬಹುದು. ಆದರೆ ಒಂದೇ ಮಣೆಯಲ್ಲಿ ಹಲವು ಬಗೆಯ ಆಟಗಳುಂಟು. ಯಾವ ಗುಳಿಯಿಂದ ಎತ್ತಬೇಕು, ಎಲ್ಲಿ ಮುಗಿದರೆ ಗೆಲವು, ಬರಿದಾದ ಗುಳಿಗೆ ಏನು ಶಿಕ್ಷೆ, ಸೋತವರು ಮುಂದಿನ ಆಟವನ್ನು ಹೇಗೆ ಹೂಡಬೇಕು ಎಂಬುದು ಮನೆಯಿಂದ ಮನೆಗೆ ಬೇರೆಯಾಗಿ, ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಂದ ಬಾಯಿಗೆ ಬಂದುದು. ಆಟಿಯ ಬಿಡದ ಮಳೆಯಲ್ಲಿ ಗದ್ದೆಯ ಕೆಲಸ ತೀರಿ ಮನೆಯೊಳಗೆ ಕೂತ ಹೆಂಗಸರೇ ಆ ವಿದ್ಯೆಯ ಭಂಡಾರ. ಹಳೆಯ ಮನೆಯನ್ನು ಕೆಡವುವಾಗ ಅಟ್ಟದಿಂದ ಇಳಿದ ಮಣೆಯನ್ನು ವಸ್ತುಶಾಲೆಗೆ ಒಪ್ಪಿಸುವವರಿದ್ದಾರೆ. ಅದರೊಡನೆ ಆ ಮನೆಯ ಆಟದ ಕ್ರಮವನ್ನು ಬರೆದು ಒಪ್ಪಿಸುವವರು ವಿರಳ. ಸ್ಮೃತಿಕೋಶವು ಅಳಿಸಿಹೋದ ಯಂತ್ರಕ್ಕೂ ಆಟದ ಕ್ರಮವು ಮರೆತುಹೋದ ಮಣೆಗೂ ಭೇದವೇನೂ ಇಲ್ಲ.

ಆದುದರಿಂದ ಕಾಸಿನ ಯಂತ್ರಗಳ ಸಂಗ್ರಾಹಕರು ಬಹಳ ಹಣವನ್ನೂ ಹಲವು ವರ್ಷಗಳನ್ನೂ ತೆತ್ತು ಕಲಿತ ಪಾಠವನ್ನು ಈ ಸೀಮೆಯವರು ಅಗ್ಗದಲ್ಲಿಯೇ ಕಲಿಯಬಹುದಾಗಿದೆ. ಸಂಗ್ರಹಕ್ಕೆ ಬರುವ ಪ್ರತಿಯೊಂದು ಚೆನ್ನೆಮಣೆಯೊಡನೆ, ಅದು ಯಾವ ಊರಿನದು, ಅದರಲ್ಲಿ ಯಾವ ಯಾವ ಆಟಗಳನ್ನು ಹೇಗೆ ಆಡುತ್ತಿದ್ದರು ಎಂಬುದನ್ನು ಆ ಮನೆಯ ಹಿರಿಯ ಹೆಂಗಸಿನಿಂದ ಕೇಳಿ ಬರೆದಿಡುವುದು ಮೊದಲನೆಯದು. ಆಕೆ ಆಡುವುದನ್ನು ಚಲಚ್ಚಿತ್ರದಲ್ಲಿ ಹಿಡಿದಿಡುವುದು ಎರಡನೆಯದು. ಹಳೆಯ ಮಣೆಯನ್ನು ಕಪಾಟಿನಲ್ಲಿರಿಸಿ, ಅದರ ಅಳತೆಗೆ ಹೊಸದೊಂದನ್ನು ಕೆತ್ತಿಸಿ ಶಾಲೆಯ ಮಕ್ಕಳ ಕೈಗೆ ಕೊಡುವುದು ಮೂರನೆಯದು. ಕಿಸೆಯ ದೂರವಾಣಿಯಲ್ಲಿಯೇ ಮಾತನ್ನೂ ಚಿತ್ರವನ್ನೂ ಸೆರೆಹಿಡಿಯಬಹುದಾದ ಈ ಕಾಲದಲ್ಲಿ ಇದಕ್ಕೆ ಬೇಕಾಗುವ ವೆಚ್ಚವು ಅಲ್ಪ. ಆದರೆ ಅವಧಿಯು ದೀರ್ಘವಾದುದಲ್ಲ. ಕೇಳಬೇಕಾದ ಅಜ್ಜಿಯಂದಿರ ಸಂಖ್ಯೆಯು ಒಂದೊಂದು ಆಟಿ ಕಳೆದಂತೆ ಇಳಿಯುತ್ತಿದೆ. ಮಣೆಗಳನ್ನು ಅರಸುತ್ತ ಮನೆಮನೆಗೆ ಹೋಗುವ ಸಂಗ್ರಾಹಕರು ಅಟ್ಟವನ್ನು ಹತ್ತುವುದಕ್ಕೆ ಮುಂಚೆ ಚಾವಡಿಯಲ್ಲಿ ಕುಳಿತು, ಒಂದು ಆಟವನ್ನು ಕಲಿತುಕೊಂಡೇ ಮೇಲೇಳುವುದು ಶ್ರೇಯಸ್ಕರವಾದುದು.